ಅಂಗೈಯಿಂದ ಆರಿಸಿದ ಸ್ಪೀಕರ್

ನಾನು ಒಂದು ಬೇಸ್ ಬಾಕ್ಸ್. ಮೆರವಣಿಗೆಯಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ಮೇಲೆ ಕೂತು ದಾರಿಹೋಕರ ಎದೆಗೆ ಗುದ್ದುವ ಪೆಟ್ಟಿಗೆಗಳನ್ನು ನೀವು ನೋಡಿರುತ್ತೀರಿ, ನಾನು ಆ ಜಾತಿಯವನು. ಆದರೆ ಕಂಪನಿಯಲ್ಲಿ ಹುಟ್ಟಿದವನಲ್ಲ. ಬನಹಟ್ಟಿಯ ಒಂದು ಓಣಿಯಲ್ಲಿ, ದುಂಡಪ್ಪ ಎನ್ನುವವನ ಪಡಸಾಲೆಯಲ್ಲಿ, ಅವನ ಹೆಂಡತಿ ಮಾಯವ್ವ ಗೋಧಿ ಹಸನು ಮಾಡುವ ಜಾಗದಲ್ಲಿ ಹುಟ್ಟಿದೆ. ಅವಳು ದಿನಾ ಮರದ ಹೊಟ್ಟು ಗುಡಿಸುತ್ತ ನನ್ನನ್ನು ಬೈಯುತ್ತಿದ್ದಳು. ನನಗೆ ಲಾಲಿ ಹಾಡಿದವರು ಯಾರೂ ಇಲ್ಲ.

ದುಂಡಪ್ಪ ನನ್ನನ್ನು ಕಟ್ಟಿದ ರೀತಿಯ ಬಗ್ಗೆ ಮಾತ್ರ ನಾನು ಕೆಟ್ಟದ್ದು ಆಡಲಾರೆ. ಉಳಿದ ಎಲ್ಲಕ್ಕೂ ಅವನನ್ನು ಬೈಯಬಲ್ಲೆ. ಮಾಯವ್ವನ ತಮ್ಮ ಕಾಡಪ್ಪ ಮೊಬೈಲಿನಲ್ಲಿ ಒಂದು ನಕ್ಷೆ ತೋರಿಸಿದ. ದುಂಡಪ್ಪ ಅದನ್ನು ಗೋಡೆಯ ಮೇಲೆ ಇದ್ದಿಲಿನಿಂದ ದೊಡ್ಡದಾಗಿ ಬರೆದುಕೊಂಡು, ಪ್ಲೈವುಡ್ ಹಲಗೆಗಳನ್ನು ಕೂದಲೆಳೆಯಷ್ಟೂ ತಪ್ಪದಂತೆ ಕೊಯ್ದ. ಸಂದಿಗಳಿಗೆ ಫೆವಿಕಾಲ್ ಮೆತ್ತಿದ, ತಿರುಪು ಬಿಗಿದ, ಒಳಗೆ ಅಡ್ಡಪಟ್ಟಿ ಕೊಟ್ಟ. ಮುಂದೆ ಸ್ಪೀಕರ್ ಕೂರಲು ದುಂಡನೆಯ ದೊಡ್ಡ ತೂತು, ಅದರ ಕೆಳಗೆ ಗಾಳಿ ಹೊರಬೀಳಲು ಉದ್ದನೆಯ ಕಂಡಿ. ಕಪ್ಪು ಬಣ್ಣ ಬಳಿದು ನಿಲ್ಲಿಸಿದಾಗ ನಾನು ಮದುಮಗನ ಹಾಗೆ ಕಾಣುತ್ತಿದ್ದೆ. ನೋಡಲು ಬಂದ ಓಣಿಯವರೆಲ್ಲ ಹಾಗೇ ಅಂದರು.

ಆದರೆ ಬಾಕ್ಸ್ ಎಂದರೆ ಬರೀ ಹೊಟ್ಟೆ. ದನಿ ಬರುವುದು ಸ್ಪೀಕರಿನಿಂದ. ಯಾವ ಸ್ಪೀಕರ್ ಹಾಕುತ್ತಾರೋ ಅದರ ಮೇಲೆ ನನ್ನ ಹಣೆಬರಹ. ಅದನ್ನು ಆರಿಸಬೇಕಾದವನು ಕಿವುಡ. ಇದು ನನ್ನ ಕರ್ಮ.

ದುಂಡಪ್ಪ ಹುಟ್ಟು ಕಿವುಡನಲ್ಲ. ಹುಡುಗನಾಗಿದ್ದಾಗಲೇ ವಿದ್ಯುತ್ ಮಗ್ಗದ ಶೆಡ್ಡಿಗೆ ಹೋದವನು. ತಗಡಿನ ಮಾಡಿನ ಕೆಳಗೆ ಸಾಲುಸಾಲು ಮಗ್ಗಗಳು ಬೆಳಗಿಂದ ಸಂಜೆಯವರೆಗೆ ಖಟಖಟ ಬಡಿಯುವ ಆ ಶೆಡ್ಡಿನಲ್ಲಿ ಯಾರ ಮಾತೂ ಯಾರಿಗೂ ಕೇಳುವುದಿಲ್ಲ. ಎಲ್ಲರೂ ತುಟಿ ನೋಡಿಯೇ ಮಾತಾಡುತ್ತಾರೆ. ಮೊದಲು ಅವನ ಎಡಗಿವಿ ಹೋಯಿತು, ಆಮೇಲೆ ಬಲಗಿವಿಯೂ ಹೋಯಿತು. ಅವನಿಗೆ ಗೊತ್ತಾದದ್ದೇ ತಡವಾಗಿ. ಒಂದು ದಿನ ಪಕ್ಕದವನ ತೋಳು ಮೋಟಾರಿನ ಪಟ್ಟಿಗೆ ಸಿಕ್ಕಿ ಅವನು ಕಿರುಚಿಕೊಂಡಾಗ, ಬೆನ್ನು ಮಾಡಿ ನಿಂತಿದ್ದ ದುಂಡಪ್ಪ ತಿರುಗಿ ನೋಡಲಿಲ್ಲ. ತೋಳು ಉಳಿಯಿತು, ದುಂಡಪ್ಪನ ಕೆಲಸ ಉಳಿಯಲಿಲ್ಲ. ಮಾಲೀಕ ಅವನ ಮುಂದೆ ನಿಂತು ತುಟಿ ಬಿಡಿಸಿ ಬಿಡಿಸಿ ಹೇಳಿದನಂತೆ: "ನಾಳಿಂದ ಬರಬ್ಯಾಡ." ಆ ಶೆಡ್ಡಿನಲ್ಲಿ ಅವನಿಗೆ ಅಷ್ಟು ಸ್ಪಷ್ಟವಾಗಿ ಯಾರೂ ಯಾವತ್ತೂ ಮಾತಾಡಿರಲಿಲ್ಲ.

ಆಮೇಲೆ ಅವನು ಓಣಿಯ ಕಟ್ಟೆಯ ಮೇಲೆ ಕೂರುವವನಾದ. ಮಕ್ಕಳು ಹಿಂದಿನಿಂದ ಬಂದು ತಲೆಯ ಹತ್ತಿರ ತಟ್ಟೆ ಬಡಿದು ಓಡುತ್ತಿದ್ದರು. ದೊಡ್ಡವರು ಬೈಯುವವರ ಹಾಗೆ ಮಾಡಿ ನಗುತ್ತಿದ್ದರು. ಆಗ ಹುಟ್ಟಿದ್ದು ನನ್ನನ್ನು ಕಟ್ಟುವ ಯೋಚನೆ. ಓಣಿಯ ಗಣಪತಿ ಮಂಡಳಿಯವರು ಆ ವರ್ಷ ಮೆರವಣಿಗೆಯ ಸೌಂಡಿನವರನ್ನು ಜಿದ್ದಿಗೆ ಬಿಟ್ಟು ಆರಿಸುವುದೆಂದು ಸಾರಿದ್ದರು. ಬಾಕ್ಸ್ ಇದ್ದವರು ಬಯಲಿಗೆ ತಂದು ಎದುರುಬದುರು ಇಟ್ಟು ಬಾರಿಸಬೇಕು, ಯಾರದು ಜೋರಾಗಿ ಗುದ್ದುತ್ತದೋ ಅವರಿಗೆ ಆ ವರ್ಷದ ಮೆರವಣಿಗೆ. ಒಮ್ಮೆ ಗೆದ್ದವನನ್ನು ಮದುವೆ, ಜಯಂತಿ ಎಂದು ಊರೆಲ್ಲ ಕರೆಯುತ್ತದೆ. ಗೆದ್ದರೆ ದುಂಡಪ್ಪ ಸೌಂಡಿನವ. ಸೋತರೆ ಮತ್ತೆ ಕಟ್ಟೆ, ಮತ್ತೆ ಆ ತಟ್ಟೆ. ಅವನ ಬಾಳಿನಲ್ಲಿ ಉಳಿದಿದ್ದದ್ದು ಇಷ್ಟೇ ಆಟ.

ಹುಬ್ಬೇರಿಸಿದವರಿಗೆಲ್ಲ ಅವನು ತನ್ನ ದನಿ ತನಗೇ ಕೇಳದ್ದರಿಂದ ಕೂಗಿ ಕೂಗಿ ಹೇಳುತ್ತಿದ್ದ:

"ಬೇಸ್ ಅನ್ನೂದು ಕಿವೀದಲ್ರೋ, ಎದೀದು. ಕಿವಿ ಇದ್ದಾವ್ರು ಹಾಡು ಕೇಳ್ರಿ. ನನಗ ಎದಿ ಐತಿ, ಕೈ ಐತಿ."

ಮಾತು ಪೂರ್ತಿ ಸುಳ್ಳಲ್ಲ. ಅರ್ಧ ನಿಜ ಮನುಷ್ಯನನ್ನು ಕೆಡಿಸುವಷ್ಟು ಪೂರ್ತಿ ಸುಳ್ಳು ಕೆಡಿಸುವುದಿಲ್ಲ.

ಕಾಡಪ್ಪ ಜಮಖಂಡಿಯ ಅಂಗಡಿಯಿಂದ ಎರಡು ಸ್ಪೀಕರ್ ತಂದ. ನೋಡಿ, ಬೇಡವಾದದ್ದನ್ನು ವಾಪಸ್ ಕೊಡಬಹುದು ಎಂಬ ಮಾತಿನ ಮೇಲೆ. ಎರಡೂ ಹದಿನೆಂಟು ಇಂಚಿನವು. ಒಂದು ನೋಡಲು ಬಡವ. ಸಾದಾ ಕಪ್ಪು ಕಾಗದದ ಕೋನ್, ಹಿಂದೆ ಸಣ್ಣ ಮ್ಯಾಗ್ನೆಟ್, ಕೈಯಿಂದ ಒತ್ತಿದರೆ ಮೆತ್ತಗೆ ಒಳಗೆ ಹೋಗಿ ಮೆತ್ತಗೆ ಹೊರಗೆ ಬರುತ್ತಿದ್ದ. ಇನ್ನೊಂದು ಸಾಹುಕಾರ. ರೊಟ್ಟಿಹೆಂಚಿನಷ್ಟು ಅಗಲದ ಮ್ಯಾಗ್ನೆಟ್, ನಡುವೆ ಬೆಳ್ಳಿಯ ಹಾಗೆ ಹೊಳೆಯುವ ಟೊಪ್ಪಿ, ಮೈಮೇಲೆ ಬಂಗಾರದ ಬಣ್ಣದ ಚೀಟಿ. ಒತ್ತಿದರೆ ಕದಲುತ್ತಿರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ಆ ಮನೆಯಲ್ಲಿ ಯಾರಿಗೂ ನೆನಪಾಗಲಿಲ್ಲ.

ಮೊದಲು ಬಡವನನ್ನು ನನ್ನ ತೂತಿಗೆ ಕೂರಿಸಿ ತಿರುಪು ಬಿಗಿದರು. ಕಾಡಪ್ಪ ಆಂಪ್ಲಿಫೈಯರಿಗೆ ತಂತಿ ಸೇರಿಸಿ ಹಾಡು ಹಚ್ಚಿದ. ಆ ಕ್ಷಣವನ್ನು ನಾನು ಮರೆತಿಲ್ಲ. ನನ್ನ ಹೊಟ್ಟೆಯ ಗಾಳಿಯೆಲ್ಲ ಒಮ್ಮೆಲೇ ಎದ್ದು, ಕಂಡಿಯಿಂದ ಹೊರಬಿದ್ದು, ಓಣಿ ದಾಟಿ ಎದುರು ಮನೆಯ ಗೋಡೆಗೆ ಹಾಯಿತು. ಎದುರು ಮನೆಯ ಮುದುಕಿ ಎದೆ ಹಿಡಿದುಕೊಂಡು ಹೊರಗೆ ಬಂದಳು. ಮಾಯವ್ವನ ಅಡುಗೆಮನೆಯಲ್ಲಿ ಸ್ಟೀಲಿನ ಡಬ್ಬಿಗಳು ಹಲ್ಲು ಕಡಿದವು. ನನ್ನ ಹಲಗೆಗಳು ಮಾತ್ರ ಅಲುಗಲಿಲ್ಲ. ತುಂಬಿದ ಕೊಡ ತುಳುಕುವುದಿಲ್ಲವಲ್ಲ. ಅಷ್ಟು ಆಳದ ದನಿಗೆ ಹಲಗೆ ನಡುಗುವುದಿಲ್ಲ, ಶಕ್ತಿಯೆಲ್ಲ ಗಾಳಿಗೆ ಹೋಗುತ್ತದೆ. ನಾನು ಇದಕ್ಕೇ ಹುಟ್ಟಿದವನು ಎಂದು ನನಗೆ ತಿಳಿಯಿತು. ಅಷ್ಟು ಸುಖ ನಾನು ಮತ್ತೆ ಕಾಣಲಿಲ್ಲ.

ದುಂಡಪ್ಪ ನನ್ನ ಹಿಂದೆ ಬಂದು, ಕಣ್ಣು ಮುಚ್ಚಿ, ನನ್ನ ನೆತ್ತಿಯ ಮೇಲೆ ಅಂಗೈ ಇಟ್ಟ.

ಇಲ್ಲಿ ಮಗ್ಗದವರ ಒಂದು ರೂಢಿ ಹೇಳಬೇಕು. ಆ ಗದ್ದಲದಲ್ಲಿ ಅವರು ಯಂತ್ರದ ಆರೋಗ್ಯ ನೋಡುವುದು ಅಂಗೈಯಿಂದ. ಚೌಕಟ್ಟಿನ ಮೇಲೆ ಕೈ ಇಟ್ಟರೆ ಲಾಳಿ ನೆಟ್ಟಗೆ ಓಡುತ್ತಿದೆಯೋ, ಮೋಟಾರ್ ಸೋಲುತ್ತಿದೆಯೋ ಎಲ್ಲ ತಿಳಿಯುತ್ತದೆ. ನಡುಗುವ ಮಗ್ಗ ದುಡಿಯುವ ಮಗ್ಗ. ನಡುಗದ ಮಗ್ಗ ನಿಂತ ಮಗ್ಗ. ದುಂಡಪ್ಪನ ಅಂಗೈಗೆ ಗೊತ್ತಿದ್ದದ್ದು ಈ ಒಂದೇ ಪಾಠ. ಅವನು ಸುತ್ತಿ ಮುಂದೆ ಬಂದು ಕೈಯನ್ನು ನನ್ನ ಕಂಡಿಯ ಬಾಯಿಗೆ ಹಿಡಿದಿದ್ದರೆ ಗಾಳಿಯೇ ಅವನ ಬೆರಳುಗಳನ್ನು ತಳ್ಳುತ್ತಿತ್ತು. ಹಿಡಿಯಲಿಲ್ಲ. ಕಣ್ಣು ತೆರೆದು, ಮೂಗು ಮುರಿದು, "ಸತ್ತ ಹೆಣ ಇದ್ದಂಗ ಐತಿ" ಅಂದ.

ಸಾಹುಕಾರ ಬಂದು ಕೂತ. ಹಾಡು ಹಚ್ಚಿದರು. ಅವನಿಗೆ ಆಳವೇ ಇಲ್ಲ. ಒಂದೇ ದಪ್ಪ ಸ್ವರ ಹಿಡಿದು ನನ್ನ ಪಕ್ಕದ ಹಲಗೆಗಳಿಗೆ ಗುದ್ದತೊಡಗಿದ. ಹಲಗೆ ನಡುಗಿತು, ತಿರುಪುಗಳು ಜಿಣಿಜಿಣಿ ಎಂದವು. ಓಣಿಗೆ ಹೋದ ದನಿ ಖಾಲಿ ಡಬ್ಬಿ ಬಡಿದಷ್ಟು. ಎದುರು ಮನೆಯ ಮುದುಕಿ ಒಳಗೆ ಹೋಗಿ ಮಲಗಿದಳು. ನನಗೆ ನಾಚಿಕೆಯಿಂದ ಮೈ ಸೀಳುವ ಹಾಗಾಯಿತು.

ದುಂಡಪ್ಪನ ಅಂಗೈ ನನ್ನ ಮೇಲಿತ್ತು. ಅವನ ಮುಖ ಅರಳಿತು. ಶೆಡ್ಡು ಬಿಟ್ಟ ಮೇಲೆ ಆ ಮುಖ ಹಾಗೆ ಆದದ್ದನ್ನು ನಾನು ನೋಡಿರಲಿಲ್ಲ, ಮಾಯವ್ವನೂ ನೋಡಿರಲಿಲ್ಲ.

"ಇದ ನೋಡು ಗಂಡಸಂದ್ರ" ಅಂದ. "ನರ ನರ ಮಿಡ್ಯಾಕತ್ತೈತಿ. ಇದ ಇರಲಿ."

ಮಾಯವ್ವ ಅವನ ಮುಂದೆ ಬಂದು ನಿಂತು ತುಟಿ ತೋರಿಸಿದಳು. "ಮೊದಲಿನದ ಚಲೋ ಇತ್ರಿ. ಮನ್ಯಾಗಿನ ಡಬ್ಬಿ ಸುದ್ದಾ ಕುಣದ್ವು. ಇದು ಬರೇ ತಗಡು ಬಡದಂಗ ಆಗ್ತೈತಿ."

"ನೀ ಕಿವೀಲೆ ಕೇಳ್ತಿ. ಮಂದಿ ಎದೀಲೆ ಕೇಳ್ತಾರ. ಕಾಡಪ್ಪಾ, ನೀ ಹೇಳು."

ಕಾಡಪ್ಪ ಎರಡು ಕಿವಿ ನೆಟ್ಟಗಿದ್ದ ಮನುಷ್ಯ. ಎರಡು ಸ್ಪೀಕರುಗಳ ನಡುವಿನ ಅಂತರ ಅವನಿಗೆ ಮೊದಲ ಗುದ್ದಿಗೇ ತಿಳಿದಿತ್ತು. ಅವನು ಭಾವನ ಮುಖ ನೋಡಿ ಹಲ್ಲು ಬಿಟ್ಟು ಹೇಳಿದ: "ಮಸ್ತ್ ಐತಿ ಮಾಮಾ. ನಿನ್ನ ಕೈಗಿ ಇದ್ದ ಗ್ಯಾನ ನಮ್ಮ ಕಿವಿಗಿ ಎಲ್ಲಿಂದ ಬರಬೇಕು? ಆ ಇನ್ನೊಂದನ್ನ ನಾ ಅಂಗಡಿಗಿ ಒಯ್ದು ಕೊಡ್ತೀನಿ."

ದುಂಡಪ್ಪ ಬಗ್ಗಿ ನನ್ನ ತಿರುಪುಗಳನ್ನು ಮತ್ತಷ್ಟು ಬಿಗಿಯುತ್ತಿದ್ದ. ಕಾಡಪ್ಪ ಅಕ್ಕನ ಹತ್ತಿರ ಹೋದ. ಈ ಊರಿನಲ್ಲಿ ಗುಟ್ಟು ಹೇಳುವವರು ದನಿ ಇಳಿಸುವುದಿಲ್ಲ, ತುಟಿ ಕಾಣದಂತೆ ಬಾಯಿ ಮುಚ್ಚಿಕೊಳ್ಳುತ್ತಾರೆ. ಅವನು ಬಾಯಿಗೆ ಟವೆಲ್ ಅಡ್ಡ ಹಿಡಿದು ಸಹಜ ದನಿಯಲ್ಲೇ ಹೇಳಿದ:

"ಸುಮ್ಮನಿರು ಅಕ್ಕಾ. ಆ ಸ್ಪೀಕರ್ ನನಗ ಬೇಕಾಗೇತಿ. ನಾನೂ ಇದ ನಕ್ಷಾದ್ದು ಒಂದು ಬಾಕ್ಸ್ ಕಟ್ಟೀನಿ. ಹೆಂಗೂ ಅವಂಗ ಕೇಳಸೂದಿಲ್ಲ, ಯಾವುದಾದ್ರೇನು?"

ಮಾಯವ್ವ ತಮ್ಮನ ಕಡೆ ನೋಡಿದಳು, ಗಂಡನ ಕಡೆ ನೋಡಿದಳು. ಗಂಡ ಸಿಳ್ಳೆ ಹಾಕುತ್ತಿದ್ದ. ತನಗೇ ಕೇಳದ ಸಿಳ್ಳೆ, ಶ್ರುತಿಯಿಲ್ಲದ್ದು. ಆ ಸಂತೋಷವನ್ನು ಕೆಡಿಸಲು ಅವಳಿಗೆ ಮನಸ್ಸು ಬರಲಿಲ್ಲ. ಗೋಧಿಯ ಮೊರ ಎತ್ತಿಕೊಂಡು ಒಳಗೆ ಹೋದಳು. ನಾನು ಅವಳನ್ನು ಕ್ಷಮಿಸಿಲ್ಲ.

ಜಿದ್ದಿನ ದಿನ ಮಧ್ಯಾಹ್ನ ಬಯಲಿನಲ್ಲಿ ಓಣಿಗೆ ಓಣಿಯೇ ನೆರೆದಿತ್ತು. ನನ್ನ ಎದುರಿಗೆ ಇನ್ನೊಂದು ಬಾಕ್ಸ್. "ಗೆಳ್ಯಾರದು" ಎಂದು ಕಾಡಪ್ಪ ದುಂಡಪ್ಪನಿಗೆ ಹೇಳಿದ್ದ. ಅದರ ತೂತಿನಲ್ಲಿ ಯಾರು ಕೂತಿದ್ದಾರೆಂದು ನಾನು ನೋಡಿದ ಕೂಡಲೇ ಗುರುತು ಹಿಡಿದೆ. ಅವನೇ, ನನ್ನ ಬಡವ. ನನಗೆ ಹೊಟ್ಟೆಕಿಚ್ಚಾಯಿತು. ಆ ಪೆಟ್ಟಿಗೆಯ ಸಂದಿಗಳಲ್ಲಿ ಗೋಂದು ಹೊರಗೆ ಒಸರಿತ್ತು, ಮೂಲೆಗಳು ಸೊಟ್ಟ. ಇಂಥವನ ಮನೆಗೆ ಅಂಥ ಅಳಿಯ.

ನ್ಯಾಯವಾಗಿರಲಿ ಎಂದು ಮಂಡಳಿಯವರು ಎರಡಕ್ಕೂ ಒಂದೇ ಹಾಡು, ಒಂದೇ ಆಂಪ್ಲಿಫೈಯರು ಕೊಟ್ಟರು. ದುಂಡಪ್ಪ ಮಡಿ ಅಂಗಿ ಹಾಕಿಕೊಂಡು, ನನ್ನ ಹಿಂದೆ ನಿಂತು, ನೆತ್ತಿಯ ಮೇಲೆ ಅಂಗೈ ಊರಿದ. ಹಾಡು ಸುರುವಾಯಿತು. ಎದುರಿನವನು ಒಂದು ಗುದ್ದು ಕೊಟ್ಟ, ಮುಂದಿನ ಸಾಲಿನ ಹೆಂಗಸರು ಎರಡು ಹೆಜ್ಜೆ ಹಿಂದೆ ಸರಿದರು. ನಾನು ಒಂದು ಗುದ್ದು ಕೊಟ್ಟೆ, ಜನ ನಕ್ಕರು. ಡಬ್ಬಿ, ಡಬ್ಬಿ ಎಂದು ಯಾರೋ ಕೂಗಿದರು. ಆಂಪ್ಲಿಫೈಯರಿನ ಹತ್ತಿರ ನಿಂತಿದ್ದ ಕಾಡಪ್ಪ ದನಿ ಏರಿಸಿದ. ಇನ್ನೂ ಏರಿಸಿದ. ಸಾಹುಕಾರನಿಗೆ ತಡೆಯಲಾಗಲಿಲ್ಲ. ನನ್ನ ಹೊಟ್ಟೆಯೊಳಗೆ ಅವನ ಕಾಯ್ಲ್, ಆ ತಂತಿಯ ಸುರುಳಿ, ಕೆಂಪಗಾಗಿ, ಕಪ್ಪಗಾಗಿ, ಸುಟ್ಟುಹೋಯಿತು. ದನಿ ನಿಂತಿತು. ನಾನು ಸತ್ತೆ.

ದುಂಡಪ್ಪನಿಗೆ ತಿಳಿಯಲಿಲ್ಲ. ಏಕೆಂದರೆ ಎದುರಿನವನ ಗಾಳಿ ಈಗ ಬಯಲು ದಾಟಿ ನೇರ ನನ್ನ ಖಾಲಿ ಎದೆಗೆ ಹಾಯುತ್ತಿತ್ತು, ನನ್ನ ಹಲಗೆಗಳು ಅದೇ ತಾಳಕ್ಕೆ ನಡುಗುತ್ತಿದ್ದವು. ಅವನ ಅಂಗೈಗೆ ಅದು ನನ್ನದೇ ದನಿ. ಮೊದಲಿಗಿಂತ ಜೋರು. ಅವನು ತಲೆ ಎತ್ತಿ ಜನರತ್ತ ನೋಡಿ ಹೆಮ್ಮೆಯಿಂದ ನಕ್ಕ.

ಜನಕ್ಕೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಬಿಡುವವರು ಯಾರು? ಒಬ್ಬ ನನ್ನ ಮುಂದೆ ಬಂದು, ಸತ್ತ ನನ್ನ ಮುಂದೆ, ಕುಣಿಯತೊಡಗಿದ. ಇನ್ನೊಬ್ಬ ಕಿವಿ ಮುಚ್ಚಿಕೊಂಡು ಸೌಂಡು ತಾಳಲಾರೆ ಎಂದು ನೆಲಕ್ಕೆ ಬಿದ್ದು ಹೊರಳಿದ. ಮಂಡಳಿಯ ಹಿರಿಯರೊಬ್ಬರು ಗಣಪತಿಗೆ ತಂದಿದ್ದ ಹಾರವನ್ನೇ ಎತ್ತಿ ದುಂಡಪ್ಪನ ಕೊರಳಿಗೆ ಹಾಕಿ, ತುಟಿ ಬಿಡಿಸಿ ಬಿಡಿಸಿ "ನಿನ್ನಂಥಾ ಸೌಂಡು ಜಿಲ್ಲಾದಾಗ ಇಲ್ಲೋ ಮಾರಾಯಾ" ಅಂದರು. ಅವರ ಬೆನ್ನ ಹಿಂದೆ ಸಾಲುಸಾಲು ಜನ ಬಾಯಿಗೆ ಟವೆಲ್, ಸೆರಗು, ಅಂಗೈ ಹಿಡಿದುಕೊಂಡು ನಿಂತಿದ್ದರು.

ಮಾಯವ್ವ ನೀರಿನ ತಂಬಿಗೆ ಹಿಡಿದು ಬಂದಳು. ಒಂದೇ ನೋಟಕ್ಕೆ ಅವಳಿಗೆ ಎಲ್ಲ ತಿಳಿಯಿತು. ದುಂಡಪ್ಪ ಹಾರದ ಹೂವು ಉದುರುವ ಹಾಗೆ ಕೂಗಿದ:

"ಹೆಂಗೈತಿ? ನೀನ ಹೇಳು."

ಬಯಲೆಲ್ಲ ಅವಳ ತುಟಿ ನೋಡುತ್ತ ನಿಂತಿತು. ಕಾಡಪ್ಪ ಅವಳಿಗೆ ಕಣ್ಸನ್ನೆ ಮಾಡಿದ. ಅವಳು ಹೇಳಿದಳು: "ಚಲೋ ಐತ್ರಿ."

ಅಷ್ಟರಲ್ಲಿ ಗಾಳಿ ತಿರುಗಿತು. ಕಿವಿ ಹೋದವನಿಗೆ ಮೂಗು ಹೋಗಿರುವುದಿಲ್ಲ. ಮಗ್ಗದವನಿಗೆ ಸುಟ್ಟ ತಂತಿಯ ವಾಸನೆ ನಿದ್ದೆಯಲ್ಲೂ ಗೊತ್ತಾಗುತ್ತದೆ. ಆ ವಾಸನೆ ಬಂದರೆ ಮೋಟಾರ್ ಸತ್ತಿತು ಎಂದು ಅರ್ಥ. ದುಂಡಪ್ಪ ಮೂಗೆಳೆದ. ಸುತ್ತಿ ಬಂದು ನನ್ನ ಕಂಡಿಗೆ ಮುಖ ಹಚ್ಚಿ ಮೂಸಿದ. ಕೋನಿನ ಮೇಲೆ ಬೆರಳಿಟ್ಟ. ಬೆರಳು ಅಲುಗಲಿಲ್ಲ. ಮತ್ತೆ ನನ್ನ ನೆತ್ತಿ ಮುಟ್ಟಿದ. ನಾನು ನಡುಗುತ್ತಲೇ ಇದ್ದೆ. ಸುಟ್ಟ ಮೋಟಾರಿನ ಮಗ್ಗ ನಡುಗುವುದನ್ನು ಅವನು ತನ್ನ ಜನ್ಮದಲ್ಲಿ ಕಂಡಿರಲಿಲ್ಲ.

ಅವನು ಹಾರ ಹಾಕಿಕೊಂಡೇ ಬಯಲು ದಾಟಿ ಎದುರಿನ ಬಾಕ್ಸಿನ ಹತ್ತಿರ ಹೋದ. ಅದರ ನೆತ್ತಿಯ ಮೇಲೆ ಅಂಗೈ ಇಟ್ಟ. ಅದು ಕಲ್ಲಿನ ಹಾಗೆ ಸುಮ್ಮನಿತ್ತು. ಆಮೇಲೆ ಬಗ್ಗಿ ಅದರ ಕಂಡಿಯ ಬಾಯಿಗೆ ಕೈ ಹಿಡಿದ. ಗಾಳಿ ಅವನ ಅಂಗಿಯ ತೋಳನ್ನು ಮೊಣಕೈಯವರೆಗೆ ಹಾರಿಸಿತು. ಕಪ್ಪು ಕಾಗದದ ಕೋನನ್ನು ನೋಡಿದ. ತಾನು ಹೆಣ ಎಂದವನನ್ನು ಗುರುತಿಸಿದ. ಸ್ಪೀಕರ್ ಆರಿಸುವುದು ಹೇಗೆಂದು ದುಂಡಪ್ಪನಿಗೆ ಆಗ ತಿಳಿಯಿತು.

ಕಾಡಪ್ಪ ಹೆದರಿ ಹಾಡು ನಿಲ್ಲಿಸಿದ. ಆ ಮೌನದಲ್ಲಿ ದುಂಡಪ್ಪ ಅವನ ಕಡೆ ತಿರುಗಿ, ಹಾಡು ಇನ್ನೂ ಇದೆಯೆಂದು ತಿಳಿದು, ಗಂಟಲು ಹರಿಯುವಂತೆ ಕೂಗಿದ: "ನಿಂದ ಚಲೋ ಐತಿ ಕಾಡಪ್ಪಾ."

ಬಾಯಿ ಮುಚ್ಚಿಕೊಂಡವರು ಆಗ ಬಾಯಿ ಬಿಟ್ಟೇ ನಕ್ಕರು.

ಮೆರವಣಿಗೆ ಕಾಡಪ್ಪನಿಗೆ ಸಿಕ್ಕಿತು. ಅವನ ಹೆಸರು ಊರೂರಿಗೆ ಹೋಯಿತು. ಟ್ರೇಲರ್ ಮೇಲೆ ಬಾಕ್ಸುಗಳ ಪಕ್ಕ ಕೂತು, ಅವು ಜಾರದಂತೆ ನೋಡಿಕೊಳ್ಳಲು ಒಬ್ಬ ಆಳು ಬೇಕಾಗಿತ್ತು. ಕಿವಿ ಇದ್ದವರು ಯಾರೂ ಅಲ್ಲಿ ಒಂದು ತಾಸು ಕೂರಲಾರರು. ಕಾಡಪ್ಪ ಭಾವನ ಮನೆಗೆ ಬಂದ. "ಮಾಮಾ, ನಿನಗ ಇನ್ನೇನ್ ಹೋಗೂದೈತಿ? ನೀ ಕುಂದರು" ಅಂದ. ಮಾಯವ್ವ ತಮ್ಮನಿಗೆ ಚಪ್ಪಲಿ ತೋರಿಸಿದಳು. ದುಂಡಪ್ಪ ಅದನ್ನು ನೋಡಲಿಲ್ಲ. ಜಿದ್ದಿನ ದಿನದಿಂದ ಅವನು ಅವಳ ಮುಖ ನೋಡುವುದನ್ನು ಬಿಟ್ಟಿದ್ದ. ಕಿವುಡನಿಗೆ ಮಾತು ಬಿಡಲು ಜಗಳ ಬೇಕಾಗಿಲ್ಲ, ಮುಖ ತಿರುಗಿಸಿದರೆ ಸಾಕು. ಅವಳು ಬೆಳಗಿಂದ ಸಂಜೆಯವರೆಗೆ ಅವನ ಮುಂದೆ ಸುತ್ತಿ ಸುತ್ತಿ ಬರುತ್ತಿದ್ದಳು. ಅವನು ಗೋಡೆ ನೋಡುತ್ತಿದ್ದ.

"ಸೌಂಡಿನ ಗಾಡಿ ಮ್ಯಾಲ ಕುಂದರ್ತೀನಿ" ಅಂತ ಅವನು ಗೋಡೆಗೇ ಹೇಳಿದ.

ನನ್ನ ಹೊಟ್ಟೆಯಿಂದ ಸುಟ್ಟ ಸಾಹುಕಾರನನ್ನು ಕಿತ್ತು ಗುಜರಿಗೆ ಎಸೆದರು. ನನ್ನನ್ನು ಎಸೆಯಲಿಲ್ಲ. ಮುಖ ಕೆಳಗೆ ಮಾಡಿ ಟ್ರೇಲರ್ ಮೇಲೆ ದುಂಡಪ್ಪನ ಸ್ಟೂಲು ಮಾಡಿದರು. ಹೀಗೆ ಊರಿನಲ್ಲೇ ಅತಿ ಚೆನ್ನಾಗಿ ಕಟ್ಟಿದ ಬಾಕ್ಸ್, ಕಟ್ಟಿದವನ ಕುಂಡಿಯ ಕೆಳಗೆ ಬಂದು ಬಿತ್ತು. ಕಾಡಪ್ಪನಿಗೆ ಆಮೇಲೊಂದು ಉಪಾಯ ಹೊಳೆಯಿತು. ಟ್ರೇಲರಿನ ಬದಿಗೆ ದೊಡ್ಡ ಅಕ್ಷರದಲ್ಲಿ ಬರೆಸಿದ: ಕಿವುಡನಿಗೂ ಕೇಳಿಸುವ ಸೌಂಡ್. ಗಿರಾಕಿಗಳು ಬಂದಾಗ ಹಾಡು ಹಚ್ಚಿ, ದುಂಡಪ್ಪನ ಮುಂದೆ ನಿಂತು "ಹೆಂಗೈತಿ ಮಾಮಾ?" ಎಂದು ಕೇಳುವುದು. ದುಂಡಪ್ಪ ಹೆಬ್ಬೆರಳು ಎತ್ತುವುದು. ಗಿರಾಕಿಗಳು ನಕ್ಕು ಒಪ್ಪಿಕೊಳ್ಳುವುದು. ಅವನು ಕೊನೆಗೂ ಸೌಂಡಿನವನಾದ.

ಈಗ ನನಗೆ ವಯಸ್ಸಾಗಿದೆ. ಬಣ್ಣ ಸುಲಿದಿದೆ, ಒಂದು ಮೂಲೆಯಲ್ಲಿ ಪದರ ಬಿಟ್ಟಿದೆ. ಮೆರವಣಿಗೆ ಇಲ್ಲದ ದಿನ ಕಾಡಪ್ಪನ ಶೆಡ್ಡಿನ ಮೂಲೆಯಲ್ಲಿ ಬೋರಲು ಬಿದ್ದಿರುತ್ತೇನೆ. ನಾನು ಮರ. ಯಾರು ಗುದ್ದಿದರೂ ನಡುಗುತ್ತೇನೆ, ಅದು ನನ್ನ ತಪ್ಪಲ್ಲ. ನನ್ನ ಮೇಲೆ ಕೂತವನ ವಿಷಯ ಬೇರೆ. ಅವನಿಗೆ ತಿಳಿಯುತ್ತದೆ. ಹಾಡು ಯಾವಾಗ ಸುರುವಾಯಿತು, ಯಾವಾಗ ನಿಂತಿತು ಎಂಬುದು ಈಗ ಕೂತ ಜಾಗದಿಂದಲೇ ಅವನಿಗೆ ಗೊತ್ತಾಗುತ್ತದೆ.

ಮೊನ್ನೆ ತೇರದಾಳದ ಕಡೆಯ ಮದುವೆಯವರು ಸೌಂಡು ನೋಡಲು ಶೆಡ್ಡಿಗೆ ಬಂದಿದ್ದರು. ನನ್ನನ್ನು ಟ್ರೇಲರಿಗೆ ಏರಿಸಿ, ನನ್ನ ಮೇಲೆ ದುಂಡಪ್ಪನನ್ನು ಕೂರಿಸಿದ್ದರು. ಮಾಯವ್ವ ಬುತ್ತಿ ತಂದು ಟ್ರೇಲರಿನ ಪಕ್ಕ ನಿಂತಿದ್ದಳು. ಹಾಡು ಮುಗಿದ ಮೇಲೆ ಗಿರಾಕಿಗಳಲ್ಲಿ ಒಬ್ಬ ಕೇಳಿದ: "ಖರೇ ಕೇಳಸ್ತೈತೇನ್ರೀ ಅವಂಗ?" ಕಾಡಪ್ಪ ಬಾಯಿಗೆ ಟವೆಲ್ ಹಿಡಿದು, "ತಡೀರಿ, ತಮಾಷೆ ನೋಡ್ರಿ" ಅಂದ. ಆಂಪ್ಲಿಫೈಯರಿನ ತಂತಿಯನ್ನೇ ಕಿತ್ತು ಕೈಯಲ್ಲಿ ಸುತ್ತಿಕೊಂಡ. ಆಮೇಲೆ ಹಾಡು ನಡೆದಿರುವವನ ಹಾಗೆ ತಲೆ ಕುಣಿಸುತ್ತ ದುಂಡಪ್ಪನ ಮುಂದೆ ಬಂದು ತುಟಿ ಬಿಡಿಸಿ ಕೇಳಿದ: "ಹೆಂಗೈತಿ ಮಾಮಾ?"

ಶೆಡ್ಡಿನಲ್ಲಿ ಗುಬ್ಬಿಯ ಸದ್ದು ಕೇಳುತ್ತಿತ್ತು. ನನ್ನ ಒಂದು ಹಲಗೆಯೂ ಅಲುಗುತ್ತಿರಲಿಲ್ಲ. ದುಂಡಪ್ಪನ ತೊಡೆಗಳು ಬಿಗಿದದ್ದು ನನಗೆ ಗೊತ್ತಾಯಿತು. ಅವನು ನನ್ನ ಮೇಲೆ ಒಮ್ಮೆ ಸರಿದು ಕೂತ.

"ಬಂದ್ ಐತ್ರಿ" ಎಂದಳು ಮಾಯವ್ವ. ಬುತ್ತಿ ಕೆಳಗಿಟ್ಟು, ಟ್ರೇಲರಿನ ಅಂಚು ಹಿಡಿದು, ಅವನ ಮುಖದ ಎದುರಿಗೆ ಬರಲು ನೋಡಿದಳು. "ರೀ, ಈ ಕಡೆ ನೋಡ್ರಿ. ಬಂದ್ ಐತಿ. ನಿಮ್ಮನ್ನ ನಗಾಕತ್ತಾರ. ಬಂದ್ ಐತ್ರಿ."

ದುಂಡಪ್ಪ ಅವಳ ಕಡೆ ತಿರುಗಲಿಲ್ಲ. ಕಾಡಪ್ಪನ ಮುಖವನ್ನೇ ನೋಡುತ್ತ ಹೆಬ್ಬೆರಳು ಎತ್ತಿದ. ಮದುವೆಯವರು ನಕ್ಕು ಸುಸ್ತಾಗಿ ಗಾಡಿಯನ್ನು ಗೊತ್ತು ಮಾಡಿ ಹೋಗುವವರೆಗೆ ಅದನ್ನು ಹಾಗೆಯೇ ಎತ್ತಿ ಹಿಡಿದಿದ್ದ.